ಮೂರನೇ ಮೇಜಿನ ಗಡಿಯಾರ

ಸ್ಪರ್ಧೆಯ ಸಭಾಂಗಣ, ಮೂರನೇ ಮೇಜು
ಶನಿವಾರ, ಮಾರ್ಚ್ ೧೪, ಮಧ್ಯಾಹ್ನ

ಪ್ರೀತಿಯ ಪುಟ್ಟೀ,

ಹೇಗಿದ್ದೀಯೆ? ಕಾಲಿನ ಊತ ಇಳಿಯಿತೇ? ಹೆರಿಗೆಗೆ ಇನ್ನೂ ಏಳು ವಾರವಿದೆ, ಅಲ್ಲಿಯವರೆಗೆ ಆಸ್ಪತ್ರೆಯ ಮಂಚ ಬಿಟ್ಟು ಇಳಿಯಕೂಡದೆಂದು ಡಾಕ್ಟರಮ್ಮ ಹೇಳಿದ್ದು ನೆನಪಿರಲಿ. ಫೋನಿನಲ್ಲಿ ಹೇಳಿದರೆ ನೀನು ದಡಕ್ಕನೆ ಎದ್ದು ಕೂರುತ್ತೀಯೆ, ಅದಕ್ಕೇ ಬರೆದು ಅಳಿಯಂದಿರ ಕೈಯಲ್ಲಿ ಕಳಿಸುತ್ತಿದ್ದೇನೆ.

ಸುದ್ದಿ ಅಷ್ಟೇನೂ ಚೆನ್ನಾಗಿಲ್ಲ. ನೀನು ಬರೆದ ಚದುರಂಗದ ಪ್ರೋಗ್ರಾಂ, ಅಂದರೆ ನನ್ನ ಮೊದಲ ಮೊಮ್ಮಗ, ಐದು ಆಟದಲ್ಲಿ ಮೂರು ಸೋತಿದ್ದಾನೆ. ಮನೆಯಲ್ಲಿ ಕಂಪ್ಯೂಟರಿನೊಳಗೇ ಆಡುವಾಗ ಇದೇ ಎದುರಾಳಿ ಪ್ರೋಗ್ರಾಂಗಳಿಗೆ ಮಣ್ಣು ಮುಕ್ಕಿಸಿದವನು! ಕಾಯಿ ಕಳೆದುಕೊಂಡು ಸೋತಿದ್ದರೆ ಸುಮ್ಮನಿರುತ್ತಿದ್ದೆ. ಮೂರೂ ಸಲ ಸಮಯ ಮುಗಿದು ಸೋತ. ನಿನ್ನೆಯಂತೂ ಒಂದು ಆನೆಯಷ್ಟು ಮುಂದಿದ್ದ. ಅವನ ಲೆಕ್ಕದಲ್ಲಿ ಇನ್ನೂ ಹತ್ತು ನಿಮಿಷ, ಮೇಜಿನ ಗಡಿಯಾರದಲ್ಲಿ ಸೊನ್ನೆ. ಗಡಿಯಾರವೇ ಕೆಟ್ಟಿದೆ ಎಂದು ತೀರ್ಪುಗಾರರ ಜೊತೆ ಜಗಳಕ್ಕೇ ನಿಂತೆ. ಪಾಪ, ಬೇರೆಯದು ತಂದಿಟ್ಟರು. ಅದೂ ಹಾಗೇ ಓಡಿತು.

ನಿನ್ನ ಬದಲಿಗೆ ಕೂತ ನನ್ನ ಕೆಲಸದಲ್ಲಿ ಮಾತ್ರ ಲೋಪವಿಲ್ಲ. ಪರದೆಯಲ್ಲಿ ಅವನ ನಡೆ ಬಂದೊಡನೆ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ, ಬೆರಳಿಟ್ಟು ಮನೆ ಎಣಿಸುತ್ತೇನೆ, ಬೋರ್ಡಿನಲ್ಲಿ ಕಾಯಿ ಇಡುತ್ತೇನೆ, ಪರದೆಗೂ ಬೋರ್ಡಿಗೂ ಇನ್ನೊಮ್ಮೆ ತಾಳೆ ನೋಡಿ ಗಡಿಯಾರ ಒತ್ತುತ್ತೇನೆ. ಮುದ್ರಣಾಲಯದಲ್ಲಿ ಮೂವತ್ತೊಂದು ವರ್ಷ ಕರಡು ತಿದ್ದಿದವಳು ನಾನು. ನನ್ನ ಕಣ್ಣು ತಪ್ಪಿಸಿ ಒಂದು ಒತ್ತಕ್ಷರ ಆಚೆ ಹೋಗಿಲ್ಲ. ಪಕ್ಕದ ಮೇಜಿನ ಗಡ್ಡದವನಿಗೆ ಇದೆಲ್ಲ ತಮಾಷೆ. "ಏನಮ್ಮಾ, ಕಾಯಿಗೆ ಜೋಗುಳ ಹಾಡ್ತಿದ್ದೀರಾ?" ಅನ್ನುತ್ತಾನೆ. ಅವನಿಗೇನು ಗೊತ್ತು ನಮ್ಮ ಕಷ್ಟ.

ನಾಳೆ ಬೆಳಿಗ್ಗೆ ಕೊನೆಯ ಆಟ. ಗೆದ್ದರೆ ಮೊದಲ ಎಂಟರೊಳಗೆ ಬರುತ್ತಾನೆ, ಪ್ರಯೋಗಾಲಯದಲ್ಲಿ ನಿನ್ನ ಕೆಲಸ ಉಳಿಯುತ್ತದೆ. ಇಲ್ಲದಿದ್ದರೆ ನೀನು ಬಾಣಂತನ ಮುಗಿಸಿ ಹೋಗುವಷ್ಟರಲ್ಲಿ ನಿನ್ನ ಕುರ್ಚಿಯಲ್ಲಿ ಬೇರೆ ಯಾರೋ. ನೆನೆದರೆ ಕೂತಲ್ಲಿ ಕೂರಲಾಗುತ್ತಿಲ್ಲ. ಇಷ್ಟು ಬರೆಯುವುದರೊಳಗೆ ನಾಲ್ಕು ಸಲ ಕಿಟಕಿಯವರೆಗೆ ಹೋಗಿ ಬಂದೆ. ಮೊಮ್ಮಗನ ತಲೆಯಲ್ಲಿ ಎಲ್ಲಿ ಎಡವಟ್ಟಾಗಿದೆಯೋ ಮಲಗಿದಲ್ಲೇ ಯೋಚಿಸಿ ಎರಡು ಸಾಲು ಬರೆದು ಕಳಿಸು. ಏಳಬೇಡ ಮತ್ತೆ!

ಒಂದಾಗಿರುವ ನೀವಿಬ್ಬರೂ ಎರಡಾಗಿ ಸುಖವಾಗಿ ನನ್ನ ಮಡಿಲಿಗೆ ಬನ್ನಿ ಎಂದು ಹರಸುವ,

ನಿನ್ನ ಅಮ್ಮ

ತಾ.ಕ.: ಅಳಿಯಂದಿರು ಬಾಗಿಲಲ್ಲಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ತೀರ್ಪುಗಾರರು ಈಗಷ್ಟೇ ಬಂದು ಒಂದು ಚೀಟಿ ತೋರಿಸಿದರು. ಬೆಳಗಿನ ಆಟದಲ್ಲಿ ನನ್ನ ಹಿಂದೆಯೇ ನಿಂತು ಅಳೆದಿದ್ದಾರೆ. ನಡೆಗೆ ಹತ್ತು ಸೆಕೆಂಡು ನಾನೇ ತಿಂದಿದ್ದೇನೆ. ಅರವತ್ತು ನಡೆಗೆ ಹತ್ತು ನಿಮಿಷ! ಅವನು ತಾನು ಯೋಚಿಸಿದ ಹೊತ್ತನ್ನಷ್ಟೇ ಎಣಿಸುತ್ತಾನೆ, ನಡುವೆ ಇಂಥ ಅಜ್ಜಿಯೊಬ್ಬಳು ಕೂತಿರುತ್ತಾಳೆಂದು ಅವನಿಗೆ ಹೇಗೆ ಗೊತ್ತಾಗಬೇಕು? ಅವನ ತಲೆ ಸರಿಯಾಗಿದೆ ಕಂದಾ. ತಪ್ಪು ನನ್ನದು. ನಾಳೆ ಕಾಯಿ ಇಟ್ಟ ತಕ್ಷಣ ಗಡಿಯಾರ ಒತ್ತಿಬಿಡುತ್ತೇನೆ, ಬರೆಯುವುದೆಲ್ಲ ಆಮೇಲೆ. ನಿನ್ನ ಮದುವೆಗೆ ಹೂಂ ಅನ್ನಲೂ ಎರಡು ವರ್ಷ ಹೀಗೇ ತಾಳೆ ನೋಡುತ್ತ ಕೂತವಳು ನಾನು. ಕ್ಷಮಿಸು. ಈ ಪತ್ರವನ್ನು ಇನ್ನೊಮ್ಮೆ ಓದದೆ ಕೊಡುತ್ತಿದ್ದೇನೆ. ತಪ್ಪಿದ್ದರೆ ಇರಲಿ.