ಹನ್ನೊಂದನೆಯ ಮುಚ್ಚಳ

ಸೋಮವಾರ, ಊಟದ ಹೊತ್ತು
ಹಡಗುಕಟ್ಟೆಯ ಕ್ಯಾಂಟೀನು

ಮುದ್ದಿನ ಕುಳ್ಳಿಗೆ, ನಿನ್ನ ಸೋದರಮಾವ ಬಣ್ಣ ಮೆತ್ತಿದ ಕೈಯಿಂದಲೇ ಮಾಡುವ ಆಶೀರ್ವಾದ.

ಮೊದಲು ಒಂದು ವಿಷಯ ಖಚಿತವಾಗಿರಲಿ. ಈ ಯುದ್ಧನೌಕೆಯನ್ನು ಕಟ್ಟಿದವನು ನಾನು. ಉಳಿದ ಎರಡು ಸಾವಿರ ಜನ ಆಗಾಗ ಬಂದು ಕೈಜೋಡಿಸಿದರು, ಇಲ್ಲವೆನ್ನುವುದಿಲ್ಲ. ನೀನೂ ಕ್ಷಿಪಣಿಯ ಗೂಡುಗಳಿಗೆ ಮುಚ್ಚಳ ಮಾಡಿಕೊಟ್ಟೆ. ಆದರೆ ಬಣ್ಣ ಬಳಿಯುವವನು ಬರುವ ತನಕ ಅದು ಬರೀ ಕಬ್ಬಿಣ ಕಣಮ್ಮ.

ಆಫೀಸಿನಿಂದ ನಿನಗೆ ಇಷ್ಟರಲ್ಲಿ ಫೋನು ಬಂದಿರುತ್ತದೆ. ಸಮುದ್ರದಲ್ಲಿ ನಡೆದ ಪರೀಕ್ಷೆಯಲ್ಲಿ ಏನಾಯಿತು ಎಂದಷ್ಟೇ ಅವರು ಹೇಳುತ್ತಾರೆ. ಹೇಗಾಯಿತು ಎಂದು ಹೇಳಲು ಮಾವನೇ ಬೇಕು. ಮೆಟ್ಟಿಲು ಜಾರಿ ಕಾಲು ಮುರಿದುಕೊಳ್ಳಲು ನಿನಗೆ ಬೇರೆ ವಾರ ಸಿಗಲಿಲ್ಲವೇ? ಪ್ಲಾಸ್ಟರ್ ಹಾಕಿದ ಕಾಲನ್ನು ದಿಂಬಿನ ಮೇಲಿಟ್ಟು, "ಮಾವ, ನನ್ನ ಕಣ್ಣು ನೀವೇ. ಪ್ರತಿ ಮುಚ್ಚಳದ ಸುತ್ತ ರಬ್ಬರಿನ ಗೆರೆ ಕಾಣ್ತಿರ್ಬೇಕು, ಕಾಣ್ದಿದ್ರೆ ತಕ್ಷಣ ಹೇಳಿ" ಅಂದೆಯಲ್ಲ. ಆಗ ನಾನು ತಲೆಯಾಡಿಸಿದ್ದು ನಿಜ. ನಿನ್ನ ಅಮ್ಮ ತಂದಿಟ್ಟ ಬಿಸ್ಕತ್ತಿನ ಕಡೆ ನನ್ನ ಗಮನ ಇದ್ದದ್ದೂ ನಿಜ.

ಹಡಗು ಕಟ್ಟೆ ಬಿಟ್ಟಾಗ ನೋಡಬೇಕಿತ್ತು. ಗೋಡೆಗಳೆಲ್ಲ ಒಳಕ್ಕೆ ವಾಲಿಕೊಂಡಿವೆ. ಶತ್ರುವಿನ ರಾಡಾರ್ ಅಲೆ ಬಡಿದರೆ ಬಂದ ದಾರಿಯಲ್ಲಿ ವಾಪಸ್ಸು ಹೋಗದೆ ಎತ್ತಲೋ ಜಾರಿಹೋಗಲೆಂದು ಹಾಗೆ, ಎಂದು ನೀನೇ ಹೇಳಿದ್ದು. ನಾನು ಅದನ್ನು ನನ್ನ ಮಾತೆಂದೇ ಎಲ್ಲರಿಗೂ ಹೇಳುತ್ತಿದ್ದೇನೆ. ಕಂಬದ ನೆತ್ತಿಯಲ್ಲಿ ನಾಲ್ಕು ಚಪ್ಪಟೆ ರಾಡಾರ್ ಫಲಕ, ಕತ್ತು ತಿರುಗಿಸದೆ ನಾಲ್ಕೂ ದಿಕ್ಕು ನೋಡುತ್ತವೆ; ನಿನ್ನ ಅತ್ತೆಯ ಹಾಗೆ. ಮೂತಿಯಲ್ಲಿ ದೊಡ್ಡ ತೋಪು, ಪಕ್ಕದಲ್ಲಿ ಟಾರ್ಪೆಡೊ ಕೊಳವೆಗಳು, ಹಿಂದೆ ಹೆಲಿಕಾಪ್ಟರಿನ ಮನೆ. ತೋಪಿನ ಹಿಂದೆ, ಡೆಕ್ಕಿನೊಳಕ್ಕೆ ಬಾವಿಗಳಂತೆ ಇಳಿದ ಮೂವತ್ತೆರಡು ಗೂಡುಗಳು, ಒಂದೊಂದರಲ್ಲೂ ನೆಟ್ಟಗೆ ನಿಂತ ಒಂದೊಂದು ಕ್ಷಿಪಣಿ. ನಾನು ಹಿಂದೆ ಬಣ್ಣ ಬಳಿದ ಹಡಗುಗಳಲ್ಲಿ ಕ್ಷಿಪಣಿಯನ್ನು ತೋಳಿನ ಮೇಲೆ ಕೂರಿಸಿ, ತೋಳನ್ನು ಗುರಿಯ ಕಡೆ ತಿರುಗಿಸುತ್ತಿದ್ದರು. ಇದರಲ್ಲಿ ತಿರುಗಿಸುವ ರಗಳೆಯೇ ಇಲ್ಲ. ಮುಚ್ಚಳ ತೆಗೆ, ಮೇಲಕ್ಕೆ ಹಾರು, ಆಮೇಲೆ ತಿರುಗು.

ಆ ಮುಚ್ಚಳವೇ ಎಲ್ಲರ ಬಾಯಲ್ಲಿತ್ತು. ನಿಮ್ಮ ನಕ್ಷೆ ಆಫೀಸಿನ ಕನ್ನಡಕದ ಸಾಹೇಬರು ದಾರಿಯುದ್ದಕ್ಕೂ ಅದನ್ನೇ ಜಗಿದರು. "ಹಳೇ ದಪ್ಪ ಮುಚ್ಚಳಕ್ಕೆ ಏನಾಗಿತ್ತು? ಆ ಹುಡುಗಿ ಹಗುರ ಹಗುರ ಅಂತ ತಟ್ಟೆ ಮಾಡಿಟ್ಟಿದ್ದಾಳೆ. ಒಂದು ಸಿಕ್ಕಿಕೊಂಡ್ರೂ ಮೂವತ್ತೆರಡನ್ನೂ ಕಿತ್ತು ಹಾಕಿಸ್ತೀನಿ, ಮುಂದಿನ ಮೂರು ಹಡಗಿನ ನಕ್ಷೆ ಅವಳ ಕೈಗೆ ಕೊಡಲ್ಲ" ಅಂದರು. ನಾನು ಪಕ್ಕದಲ್ಲೇ ಡಬ್ಬಿ ಹಿಡಿದು ನಿಂತಿದ್ದೆ. ಅವರ ಬಿಳಿ ಷರ್ಟಿನ ಬೆನ್ನ ಮೇಲೆ ಬೂದು ಬಣ್ಣದ ಒಂದು ಹನಿ ಹೇಗೆ ಬಿತ್ತೋ ದೇವರಿಗೇ ಗೊತ್ತು.

ಪರೀಕ್ಷೆ ಹನ್ನೊಂದನೆಯ ಗೂಡಿಗೆ. ಬೆಳಿಗ್ಗೆ ತಿಂಡಿ ಮುಗಿಸಿ ನನ್ನ ಕೈಚಳಕವನ್ನು ನಾನೇ ಮೆಚ್ಚಿಕೊಳ್ಳಲು ಡೆಕ್ಕಿಗೆ ಹೋದೆ. ಎಳೆ ಬಿಸಿಲು ಅಡ್ಡಡ್ಡ ಬೀಳುತ್ತಿತ್ತು. ಹತ್ತನೆಯ ಮುಚ್ಚಳದ ಸುತ್ತ ಕಪ್ಪು ರಬ್ಬರಿನ ಗೆರೆ ಇದೆ. ಹನ್ನೆರಡನೆಯದಕ್ಕೂ ಇದೆ. ಹನ್ನೊಂದನೆಯದು ಮಾತ್ರ ಕನ್ನಡಿಯ ಹಾಗೆ ನುಣ್ಣಗೆ. ಗೆರೆಯೇ ಇಲ್ಲ.

ಹಡಗು ಹೊರಡುವ ಹಿಂದಿನ ದಿನ ದೊಡ್ಡವರು ನೋಡಲು ಬರುತ್ತಾರೆಂದು ಗೀರುಬಿದ್ದ ಕಡೆಯೆಲ್ಲ ಇನ್ನೊಂದು ಕೈ ಬಳಿಸಿದ್ದರು. ರಬ್ಬರಿಗೆ ಟೇಪು ಅಂಟಿಸಿ, ಬಳಿದು, ಆಮೇಲೆ ಟೇಪು ಕೀಳುವುದು ಪದ್ಧತಿ. ಯಾವನೋ ಒಬ್ಬ ಪೆದ್ದ, ನನ್ನ ಕೈ ನಡುಗುವುದಿಲ್ಲ, ನನಗೆ ಟೇಪು ಬೇಡ ಎಂದು ಜಂಬ ಮಾಡಿ ರಬ್ಬರಿನ ಮೇಲೂ ಬಳಿದಿದ್ದ. ಬಣ್ಣ ಒಣಗಿ ಮುಚ್ಚಳವನ್ನೂ ಚೌಕಟ್ಟನ್ನೂ ಅಂಟಿನಂತೆ ಕಚ್ಚಿಕೊಂಡಿತ್ತು. ಆ ಪೆದ್ದನ ಹೆಸರು ಬರೆಯುವುದಿಲ್ಲ. ನಿನ್ನ ಅಮ್ಮನಿಗೆ ಅವನೊಬ್ಬನೇ ತಮ್ಮ, ಅಷ್ಟು ಸಾಕು.

ಕೆರೆಯುವ ತಗಡು ಜೇಬಿನಲ್ಲೇ ಇತ್ತು. ಸುತ್ತ ಯಾರೂ ಇಲ್ಲ. ಒಂದು ಗಳಿಗೆ ನನ್ನ ಕಾಲು ಅಲ್ಲೇ ನಿಂತುಬಿಟ್ಟಿತು. ಯಾಕೆಂದು ಕೊನೆಯಲ್ಲಿ ಹೇಳುತ್ತೇನೆ, ಈಗ ಕೇಳಬೇಡ.

ಆಮೇಲೆ ಓಡಿದೆ. ಆಯುಧಗಳ ಅಧಿಕಾರಿಣಿಯನ್ನು ಹಿಡಿದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾರು ಬಳಿದಿದ್ದು?" ಅಂದರು. "ಈ ಹಡಗು ಕಟ್ಟಿದವರೇ ಮೇಡಂ" ಅಂದೆ. ಅವರು ನಗಲಿಲ್ಲ. ಗೂಡಿನ ವಿದ್ಯುತ್ತು ತೆಗೆಸಿ, ಪಕ್ಕದಲ್ಲೇ ನಿಂತು, "ರಬ್ಬರಿಗೆ ಗೀರು ಬಿದ್ದರೆ ನಿಮ್ಮನ್ನೂ ಒಳಗೆ ಹಾಕಿ ಮುಚ್ಚಳ ಮುಚ್ತೀನಿ" ಅಂದರು. ಮಂಡಿಯೂರಿ, ಮಗುವಿನ ಉಗುರು ಕತ್ತರಿಸುವ ಹಾಗೆ ಸುತ್ತಲೂ ಬಣ್ಣ ಬಿಡಿಸಿದೆ. ಒಮ್ಮೆ ತೆರೆಸಿ ಮುಚ್ಚಿಸಿ ನೋಡಿದರು. ಮೊದಲು ಕಿರ್ ಎಂದು ಮುನಿಸಿಕೊಂಡಿತು, ಆಮೇಲೆ ತೆರೆಯಿತು. ಆದರೆ ಬೆಂಕಿಯಲ್ಲಿ ಹೇಗೆ ನಡೆದುಕೊಳ್ಳುತ್ತದೋ ಯಾರಿಗೂ ಗೊತ್ತಿಲ್ಲ.

ಹಾರಿಸುವಾಗ ಡೆಕ್ಕಿನ ಮೇಲೆ ಯಾರೂ ಇರುವ ಹಾಗಿಲ್ಲ. ನಾವೆಲ್ಲ ಕೆಳಗೆ ಊಟದ ಕೋಣೆಯಲ್ಲಿ ಟಿವಿಯ ಮುಂದೆ ಕುರಿಗಳ ಹಾಗೆ ಒತ್ತಿಕೊಂಡು ಕೂತಿದ್ದೆವು. ನಾವು ಮೀಸೆ ಎಂದೇ ಕರೆಯುವ ವೆಲ್ಡರ್ ನನ್ನ ತೋಳು ಹಿಡಿದಿದ್ದ, ನಾನು ಅವನ ಬೆಲ್ಟು ಹಿಡಿದಿದ್ದೆ. ಎಣಿಕೆ ಮುಗಿಯಿತು. ಕುಳ್ಳಿ, ನಿನ್ನ ಮುಚ್ಚಳ ತೆರೆದದ್ದನ್ನು ನಾನು ನೋಡಲೇ ಇಲ್ಲ. ಮುಚ್ಚಿತ್ತು, ತೆರೆದಿತ್ತು, ನಡುವೆ ಏನೂ ಇರಲಿಲ್ಲ. ಕಾಲಡಿಯ ನೆಲ ಗುಡುಗಿತು, ಬಿಳಿ ಹೊಗೆಯ ನಡುವಿಂದ ಕ್ಷಿಪಣಿ ನೆಟ್ಟಗೆ ಎದ್ದು, ಆಕಾಶದಲ್ಲಿ ಒಂದು ಕ್ಷಣ ದಾರಿ ಯೋಚಿಸಿದಂತೆ ನಿಂತು, ಸರಕ್ಕನೆ ಬಾಗಿ ಹೋಯಿತು. ದೂರದಲ್ಲಿ ಹಾರುತ್ತಿದ್ದ ಆಳಿಲ್ಲದ ಗುರಿವಿಮಾನ ಒಂದು ಕಿಡಿಯಾಗಿ ಮುಗಿಯಿತು. ಎಲ್ಲರೂ ಅದನ್ನು ನೋಡಿ ಕುಣಿದರು. ನಾನು ಮಾತ್ರ ಹೊಗೆಯನ್ನೇ ನೋಡುತ್ತಿದ್ದೆ. ಹೊಗೆ ಸರಿದಾಗ ಹನ್ನೊಂದನೆಯದು ಏನೂ ಆಗಿಲ್ಲವೆಂಬಂತೆ ಮುಚ್ಚಿಕೊಂಡು ಕೂತಿತ್ತು. ಅಕ್ಕಪಕ್ಕದ ಗೂಡುಗಳಿಗೆ ಬಿಸಿಯೂ ತಾಗಿರಲಿಲ್ಲ.

ಕನ್ನಡಕದ ಸಾಹೇಬರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. "ಮುಂದಿನ ನಕ್ಷೆ ಶುರು ಮಾಡೋಕೆ ಆ ಹುಡುಗಿಗೆ ಕಾಲು ಬೇಕಿಲ್ಲ ಅಲ್ವಾ?" ಅಂದರು. ನಿನ್ನ ಮನೆಗೆ ನಕ್ಷೆಯ ಹಲಗೆ ಬರುತ್ತದೆ, ಮಂಚದ ಪಕ್ಕ ಜಾಗ ಮಾಡಿಸು.

ಅಮ್ಮನಿಗೆ ನಮಸ್ಕಾರ ತಿಳಿಸು. ಪೆದ್ದನ ವಿಷಯ ಬಿಟ್ಟು ಮಿಕ್ಕದ್ದನ್ನೆಲ್ಲ ಓದಿ ಹೇಳು.

ಈ ಹಡಗಿನ ಏಕೈಕ ನಿರ್ಮಾಪಕ,
ನಿನ್ನ ಮಾವ

ತಾ.ಕ.: ಹೊರಡುವ ಮುನ್ನ ಇದೇ ಕ್ಯಾಂಟೀನಿನಲ್ಲಿ ಮೀಸೆ ನಿನ್ನ ಮುಚ್ಚಳದ ಮೇಲೆ ಪಂದ್ಯ ಏರ್ಪಡಿಸಿದ್ದ. ನಾನು ಯಾವ ಪಕ್ಷದ ಮೇಲೆ ದುಡ್ಡು ಕಟ್ಟಿದರೂ ಅದು ಸೋಲುತ್ತದೆಂದು ನಿನಗೆ ಗೊತ್ತಲ್ಲ. ಹುಟ್ಟಿದಾಗಿನಿಂದ ಒಂದು ಪಂದ್ಯ ಗೆದ್ದವನಲ್ಲ. ಅದಕ್ಕೇ ಮುಚ್ಚಳ ತೆರೆಯುವುದಿಲ್ಲ ಎಂದು ಕಟ್ಟಿದೆ. ನಾನು ಆ ಕಡೆ ಎಂದು ತಿಳಿದದ್ದೇ ತಡ, ಇಡೀ ಕ್ಯಾಂಟೀನು ಖುಷಿಯಿಂದ ತೆರೆಯುತ್ತದೆ ಎಂಬ ಕಡೆಗೆ ಬಂತು. ಬಣ್ಣ ಕಚ್ಚಿದ್ದನ್ನು ಕಂಡಾಗ ಕಾಲು ನಿಂತದ್ದು ಅದಕ್ಕೆ. ಸುಮ್ಮನಿದ್ದಿದ್ದರೆ ಮೊದಲ ಸಲ ಗೆಲ್ಲುತ್ತಿದ್ದೆ. ಸೋತದ್ದು ಒಂದು ಟೀ ಕಾಸು ಎಂದು ನಿನ್ನ ಅತ್ತೆಗೆ ಹೇಳಿದ್ದೇನೆ. ಪಕ್ಕದ ಮನೆಯವರಿಗೆ ಎರಡು ಸಾವಿರ ಎಂದಿದ್ದೇನೆ. ನಡೆದುಕೊಂಡು ಕೆಲಸಕ್ಕೆ ಹೋದರೆ ಮೈಗೆ ಒಳ್ಳೆಯದು ಎಂದು ಈಚೆಗೆ ಎಲ್ಲರಿಗೂ ಹೇಳುತ್ತಿದ್ದೇನೆ. ನಿನಗೊಬ್ಬಳಿಗೆ ನಿಜ: ಹೊಸ ಸ್ಕೂಟರಿಗೆಂದು ಎತ್ತಿಟ್ಟಿದ್ದ ಮೂವತ್ತೆಂಟು ಸಾವಿರ, ಪೂರ್ತಿ.