ತಂಗಿ ಹೇಳಿದ್ದು, ನಾನು ಹೇಳಿದ್ದು

ಮಾನ್ಯ ಪಾಲಕತ್ವ ಸಮಿತಿಯ ಅಧ್ಯಕ್ಷರೇ,

ಉದಗೀರದಲ್ಲಿ ನಡೆದ ತಮ್ಮ ಶಿಬಿರದಲ್ಲಿ ನಾನು ಹೇಳಿದ ಸುಳ್ಳನ್ನು ತಾವು ಒಂಬತ್ತು ನಿಮಿಷದಲ್ಲಿ ನಂಬಿದಿರಿ. ಅದೇ ನಾನು ಏಳು ತಿಂಗಳಿಂದ ಹೇಳುತ್ತಿರುವ ನಿಜವನ್ನು ನಂಬಲು ತಮಗೆ ಇನ್ನೂ ಪುರಸೊತ್ತಾಗಿಲ್ಲ. ಆ ಒಂಬತ್ತು ನಿಮಿಷದ ದೆಸೆಯಿಂದ ನನ್ನ ತಂಗಿ ಮುಕ್ತಾಬಾಯಿ ಇಂದು ಪುಣೆಯ ಆಚೆ, ತನ್ನ ಮಾತು ಯಾರಿಗೂ ತಿಳಿಯದ ಒಂದು ಆಶ್ರಯಧಾಮದಲ್ಲಿದ್ದಾಳೆ. ಆಕೆಯನ್ನು ಅಲ್ಲಿಗೆ ಕಳಿಸಿದ್ದು ತಮ್ಮ ಸಹಿ. ಆ ಸಹಿಗೆ ದಾರಿ ಮಾಡಿಕೊಟ್ಟದ್ದು ನನ್ನ ನಾಲಿಗೆ. ದೂರು ಕೊಡುವವನೂ ನಾನೇ, ದೂರಿನ ಮೊದಲ ಆರೋಪಿಯೂ ನಾನೇ. ಇಂಥ ಅರ್ಜಿಯನ್ನು ಯಾವ ಮೇಜಿಗೆ ಕಳಿಸಬೇಕೆಂದು ತಮ್ಮ ಕಚೇರಿಗೆ ತಿಳಿಯದಿರುವುದು ಸಹಜವೇ, ಅದಕ್ಕಾಗಿ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ಅದೂ ಕನ್ನಡದಲ್ಲಿ, ಗಡಿಯಾಚೆಯ ಪತ್ರಿಕೆಯಲ್ಲಿ. ಮರಾಠಿ ನನಗೆ ಬಾರದೆಂದಲ್ಲ. ನಾನು ಶಾಲೆ ಕಲಿತದ್ದು, ಅಂಗಡಿ ನಡೆಸುವುದು, ಜಗಳಾಡುವುದು ಎಲ್ಲವೂ ಮರಾಠಿಯಲ್ಲೇ. ತಮಗೆ ಕನ್ನಡ ಬರುವುದಿಲ್ಲ ಎಂಬುದೂ ನನಗೆ ಗೊತ್ತು. ನನ್ನ ತಂಗಿ ತಮ್ಮೆದುರು ನಿಂತು ಮಾತಾಡಿದ್ದು ಇದೇ ಭಾಷೆಯಲ್ಲಿ. ಇದನ್ನು ಓದಿಸಿಕೊಳ್ಳಲು ತಾವು ಯಾರನ್ನಾದರೂ ಕರೆಸಲೇಬೇಕಾಗುತ್ತದೆ. ದಯವಿಟ್ಟು ಕರೆಸಿ, ಆದರೆ ನನ್ನ ಮನೆಯವರನ್ನು ಮಾತ್ರ ಕರೆಸಬೇಡಿ.

ಕಾಸಾರಶಿರಸಿಯ ಪೇಟೆಯಲ್ಲಿ ನಮ್ಮದು ಮೂರು ತಲೆಮಾರಿನ ಬಟ್ಟೆ ಅಂಗಡಿ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಈ ಭಾಗದ ಲಿಂಗಾಯತ ವ್ಯಾಪಾರಿಗಳ ನಾಲಿಗೆ ತಾನಾಗಿಯೇ ಹೊರಳುತ್ತದೆ. ಮುಕ್ತಾಬಾಯಿ ನನಗಿಂತ ನಾಲ್ಕು ವರ್ಷ ಚಿಕ್ಕವಳು, ಈಗ ನಲವತ್ತಾರು. ಹುಟ್ಟಿನಿಂದಲೇ ಆಕೆಯ ಬುದ್ಧಿ ನಿಧಾನ. ಶಾಲೆಗೆ ಕಳಿಸಲಿಲ್ಲ, ಹೊರಗೆ ಹೆಚ್ಚು ಬಿಡಲಿಲ್ಲ. ಹಾಗಾಗಿ ಆಕೆಗೆ ಮರಾಠಿ ತಿಳಿಯುತ್ತದೆ, ಆಡಲು ಬರುವುದಿಲ್ಲ. ಹತ್ತರ ಮೇಲೆ ಎಣಿಕೆಯೂ ಬರುವುದಿಲ್ಲ. ಆದರೆ ಗಿರಾಕಿಗಳು ಬಿಚ್ಚಿಸಿ ನೋಡಿ ಬೇಡವೆಂದು ಬಿಟ್ಟುಹೋದ ಮೂವತ್ತು ಸೀರೆಗಳನ್ನು ಮೊದಲಿನ ಮಡಿಕೆಯ ಮೇಲೇ ಮಡಿಕೆ ಕೂಡಿಸಿ ಮಡಚಿಡುವುದು ನಮ್ಮ ಅಂಗಡಿಯಲ್ಲಿ ಆಕೆಯೊಬ್ಬಳಿಗೇ ಬರುತ್ತಿತ್ತು. ಎರಡು ವರ್ಷದ ಹಿಂದೆ ಬಂದುಹೋದ ಹೆಂಗಸಿಗೆ, "ಹ್ವಾದ ಸಲ ನೀವು ಹಸಿರು ಒಯ್ದಿದ್ರಿ, ಈ ಸಲ ಕೆಂಪು ಒಯ್ರಿ" ಎನ್ನುತ್ತಿದ್ದಳು. ಅದು ಯಾವತ್ತೂ ತಪ್ಪಿದ್ದಿಲ್ಲ.

ಅವ್ವ ಇರುವ ತನಕ ಅವ್ವನೇ ಆಕೆಯ ಪಾಲಕಿ. ಹೋದ ವರ್ಷ ಅವ್ವ ತೀರಿಕೊಂಡಳು. ಪಾಲಕರು ಯಾರೆಂಬ ಕಾಗದ ಹೊಸದಾಗಿ ಆಗಬೇಕಿತ್ತು. ಅದೇ ಹೊತ್ತಿಗೆ ನನ್ನ ಮಗಳು ವೈಷ್ಣವಿಗೆ ಗಂಡು ನೋಡುತ್ತಿದ್ದೆವು. ಇಲ್ಲಿಂದ ಮುಂದೆ ಬರೆಯಲು ನನಗೆ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಬೀಗರಾಗುವವರು ಹೆಣ್ಣು ನೋಡಲು ಬಂದಾಗಲೆಲ್ಲ ನಾವು ಮುಕ್ತಾಬಾಯಿಯನ್ನು ಅಂಗಡಿಯ ಹಿಂದಿನ ಗೋದಾಮಿನಲ್ಲಿ ಕೂಡಿಸುತ್ತಿದ್ದೆವು. "ಮಂದಿ ಬಂದಾರ, ಹಿಂದ ಕುಂದ್ರು" ಎಂದರೆ ಸಾಕು, ಆಕೆ ಒಂದು ಥಾನು ಬಟ್ಟೆ ಎತ್ತಿಕೊಂಡು ಹೋಗಿ ಕೂಡುತ್ತಿದ್ದಳು. ಎರಡು ಸಂಬಂಧ ಮುರಿದವು. ಯಾತಕ್ಕೆಂದು ಅವರು ಹೇಳಲಿಲ್ಲ, ಆಕೆಯಿಂದಲೇ ಎಂದು ನಾವು ತೀರ್ಮಾನಿಸಿದೆವು. ಆಗ ನಾನು ಪಾಲಕತ್ವದ ಅರ್ಜಿಯ ಜೊತೆಗೆ ಆಶ್ರಯಧಾಮದ ಅರ್ಜಿಯನ್ನೂ ತುಂಬಿದೆ.

ನಿಲಂಗಾದಲ್ಲಿ ಪ್ರೇಮಾಬಾಯಿ ಎಂಬವರಿದ್ದಾರೆ. ಅಂಗನವಾಡಿಯಿಂದ ನಿವೃತ್ತರಾದವರು. ಸುತ್ತಲಿನ ಮೂರು ಗಡಿ ತಾಲೂಕುಗಳಲ್ಲಿ ಇಂಥ ಮಕ್ಕಳಿರುವ, ಇಂಥ ಅಕ್ಕತಂಗಿಯರಿರುವ ಮನೆಗಳಿಗೆ ಹೋಗಿ ಅವರ ಪರವಾಗಿ ಕಚೇರಿಗಳಲ್ಲಿ ಮಾತಾಡುವುದು, ಅರ್ಜಿ ಬರೆದುಕೊಡುವುದು ಅವರ ಕೆಲಸ. ತಮ್ಮ ಸಮಿತಿಯೇ ಅವರಿಗೊಂದು ಕೋಣೆ ಕೊಟ್ಟಿತ್ತು. ಅವರು ನಮ್ಮಲ್ಲಿಗೆ ಬಂದು ಮುಕ್ತಾಬಾಯಿಯ ಪಕ್ಕದಲ್ಲಿ ಕುಳಿತು, ಸೀರೆ ಮಡಚಲು ಕಲಿತುಕೊಳ್ಳುವ ನೆಪದಲ್ಲಿ ಒಂದು ತಾಸು ಮಾತಾಡಿದರು. ಹೋಗುವಾಗ ನನಗೆ ಹೇಳಿದರು:

"ಸಾವಕಾರ್ರೇ, ವಿಚಾರಣಿ ದಿನ ಆಕಿ ಬಾಜೂಕ ನಾ ಕೂಡ್ತೀನ್ರಿ. ಆಕಿಗಿ ಎಲ್ಲಾ ತಿಳೀತದ. ಹೇಳಾಕ ಜರಾ ಟೈಮ್ ಬೇಕು, ಅಷ್ಟೇ."

ನಾನು ನಗುತ್ತಲೇ ಉತ್ತರ ಕೊಟ್ಟೆ. "ಒಡಹುಟ್ಟಿದಾಂವ ನಾ ಇದ್ದೀನಲ್ಲ ಬಾಯಿ. ಹೊರಗಿನವರು ಯಾಕ?"

ಅವರು "ಆಯ್ತ್ರಿ" ಎಂದು ಚಪ್ಪಲಿ ಮೆಟ್ಟಿಕೊಂಡರು.

ಅಧ್ಯಕ್ಷರೇ, ಆ ದಿನ ತಮಗೆ ನೆನಪಿರಲಾರದು. ತಮ್ಮ ಮುಂದೆ ಅರವತ್ತು ಕಡತಗಳಿದ್ದವು. ಹೊರಗೆ ಜನ ನೆಲದ ಮೇಲೆ ಕುಳಿತಿದ್ದರು. ಪ್ರೇಮಾಬಾಯಿ ಬಾಗಿಲ ತನಕ ಬಂದಿದ್ದರು. ತಮ್ಮ ಗುಮಾಸ್ತ "ರಕ್ತಸಂಬಂಧಿಯೇ?" ಎಂದು ಕೇಳಿದ. ಅಲ್ಲ ಎಂದದ್ದಕ್ಕೆ ಅವರನ್ನು ಹೊರಗೇ ನಿಲ್ಲಿಸಿದ. ಒಳಗೆ ತಾವು ಮುಕ್ತಾಬಾಯಿಯನ್ನು ಮರಾಠಿಯಲ್ಲಿ ಕೇಳಿದಿರಿ, ಎಲ್ಲಿ ಇರಲು ಇಷ್ಟ ಎಂದು. ಅಷ್ಟಾದರೂ ಕೇಳಿದಿರಿ, ಅದು ತಮ್ಮ ದೊಡ್ಡತನ. ನನ್ನ ತಂಗಿ ಸೆರಗಿನ ತುದಿಯನ್ನು ನಾಲ್ಕು ಮಡಿಕೆ ಮಾಡಿ, ಬಿಚ್ಚಿ, ಮತ್ತೆ ಮಡಿಕೆ ಮಾಡಿ, ನಿಧಾನವಾಗಿ ಹೇಳಿದಳು. ಆಕೆ ಹೇಳಿದ್ದನ್ನು ಅಕ್ಷರ ಬಿಡದೆ ಇಲ್ಲಿ ಬರೆಯುತ್ತೇನೆ, ಏಕೆಂದರೆ ಇದು ತಮ್ಮ ದಾಖಲೆಯಲ್ಲಿ ಇಲ್ಲ.

"ನಾ ನಮ್ಮ ಅಂಗಡ್ಯಾಗ ಇರ್ತೀನ್ರಿ. ಮಲಗಾಕ ಅಣ್ಣನ ಮನಿಗಿ ಹೋಗ್ತೀನಿ. ಮಂದಿ ಬಂದ್ರ ನಾ ಹಿಂದ ಕುಂದುರ್ತೀನಿ."

ತಾವು ನನ್ನ ಕಡೆ ತಿರುಗಿದಿರಿ. ನಾನು ಮರಾಠಿಯಲ್ಲಿ ಹೇಳಿದೆ: "ತಿಲಾ ಕಾಹೀ ಕಳತ ನಾಹೀ, ಸಾಹೇಬ. ಕುಠಂಹೀ ಚಾಲೇಲ." ಆಕೆಗೆ ಏನೂ ತಿಳಿಯುವುದಿಲ್ಲ, ಎಲ್ಲಿಯಾದರೂ ನಡೆಯುತ್ತದೆ ಎಂದು. ಇಷ್ಟುದ್ದ ಮಾತಿಗೆ ಇಷ್ಟೇ ಅರ್ಥವೇ ಎಂದು ತಮ್ಮ ಪಕ್ಕದ ಸದಸ್ಯರು ಕೇಳಿದರು. "ಕಾನಡಿ ಬಹಳ ಉದ್ದದ ಭಾಷೆ ಇರಬೇಕು" ಎಂದು ತಾವು ನಕ್ಕಿರಿ. ನಾನೂ ನಕ್ಕೆ. ಮುಕ್ತಾಬಾಯಿ ನಗಲಿಲ್ಲ. ಆಕೆಗೆ ಮರಾಠಿ ತಿಳಿಯುತ್ತದೆ ಎಂದು ಆಗಲೇ ಹೇಳಿದೆನಲ್ಲ. ಆಕೆ ನನ್ನನ್ನು ಒಮ್ಮೆ ನೋಡಿ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಹಿರಿಯ ಅಣ್ಣ ನಾಲ್ಕು ಜನರ ಮುಂದೆ ಆಡಿದ ಮಾತನ್ನು ಅಲ್ಲಗಳೆಯುವುದು ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಗೊತ್ತಿಲ್ಲ. ಹಾಗೆ ಬೆಳೆಸಿದವರೂ ನಾವೇ.

ಬೇಲಿಯೇ ಎದ್ದು ಹೊಲ ಮೇಯ್ದರೆ ಹೊಲ ಯಾರಿಗೆ ಹೇಳಬೇಕು? ಈ ಪ್ರಶ್ನೆಗೆ ಉತ್ತರವಾಗಿಯೇ ಅಲ್ಲವೇ ತಮ್ಮಂಥ ಸಮಿತಿಗಳನ್ನು ಮಾಡಿದ್ದು? ಮನೆಯವರು ಎಲ್ಲ ಕಾಲಕ್ಕೂ ದೇವರಂಥವರೇ ಆಗಿದ್ದರೆ ವಿಚಾರಣೆ ಏತಕ್ಕೆ, ಅಧ್ಯಕ್ಷರೇತಕ್ಕೆ, ಆ ಚಹಾ ಬಿಸ್ಕೀಟು ಏತಕ್ಕೆ? ಆಕೆಯನ್ನು ಮನೆಯಿಂದ ಹೊರಹಾಕಲು ಅರ್ಜಿ ತಂದವನ ಬಾಯಿಯಿಂದಲೇ ಆಕೆಯ ಉತ್ತರವನ್ನು ಕೇಳಿಸಿಕೊಳ್ಳಬೇಕೆಂಬ ಯುಕ್ತಿ ತಮಗೆ ಹೊಳೆದದ್ದಾದರೂ ಹೇಗೆ? ಗಡಿ ತಾಲೂಕುಗಳಿಗೆ ಶಿಬಿರ ಹಾಕುವಾಗ ಕನ್ನಡ ಬಲ್ಲ ಒಬ್ಬರನ್ನು ಕುರ್ಚಿ ಹಾಕಿ ಕೂಡಿಸುವುದು ಅಷ್ಟು ಕಷ್ಟವೇ? ಕುರ್ಚಿ ಇತ್ತು, ಜನವೂ ಇದ್ದರು, ಬಾಗಿಲ ಹೊರಗೆ ನಿಂತಿದ್ದರು. ಈ ಪ್ರಶ್ನೆಗಳನ್ನು ಇಷ್ಟು ಜೋರಾಗಿ ಕೇಳುತ್ತಿದ್ದೇನೆ ಎಂದ ಮಾತ್ರಕ್ಕೆ ನಾನು ಸಾಚಾ ಆಗುವುದಿಲ್ಲ, ಅದು ನನಗೆ ಗೊತ್ತಿದೆ.

ಆಶ್ರಯಧಾಮದವರು ಕೆಟ್ಟವರಲ್ಲ. ಹೊಟ್ಟೆಗೆ ಸರಿಯಾಗಿ ಕೊಡುತ್ತಾರೆ, ಹಾಸಿಗೆ ಶುಭ್ರವಾಗಿದೆ. ಅಲ್ಲಿ ಒಂದು ನಿಯಮ ಮಾತ್ರ ಇದೆ, ಯಾರ ಕೊರಳಲ್ಲೂ ದಾರ ಇರಕೂಡದು, ಅಪಾಯ. ಹೋದ ದಿನವೇ ಮುಕ್ತಾಬಾಯಿಯ ಕೊರಳಿನ ಶಿವದಾರವನ್ನು, ಅದರಲ್ಲಿದ್ದ ಬೆಳ್ಳಿಯ ಕರಡಿಗೆಯನ್ನು, ಅದರೊಳಗಿನ ಲಿಂಗವನ್ನು ತೆಗೆದು ಲಕೋಟೆಯಲ್ಲಿ ಹಾಕಿ, ನಂಬರು ಬರೆದು, ಕಪಾಟಿನಲ್ಲಿ ಇಟ್ಟರು. ಏಳು ವರ್ಷದವಳಿದ್ದಾಗ ಕಟ್ಟಿಸಿಕೊಂಡ ಲಿಂಗ. ಅದನ್ನು ಅಂಗೈಯಲ್ಲಿಟ್ಟು ಪೂಜೆ ಮಾಡಿಕೊಳ್ಳದೆ ಆಕೆ ಚಹಾ ಕೂಡ ಮುಟ್ಟಿದವಳಲ್ಲ. ಅಲ್ಲಿ ಊಟ ಬಂದಾಗಲೆಲ್ಲ ತಟ್ಟೆ ದೂಡಿ ಕೊರಳು ಮುಟ್ಟಿ ತೋರಿಸಿದಳಂತೆ. ಅವರು ಗಂಟಲು ನೋವೆಂದು ತಿಳಿದು ಬ್ಯಾಟರಿ ಹಾಕಿ ಬಾಯೊಳಗೆ ನೋಡಿದರು, ಔಷಧಿ ಕೊಟ್ಟರು, ಬಲವಂತವಾಗಿ ಒಂದಿಷ್ಟು ಗಂಜಿ ಕುಡಿಸಿದರು. ನೋಡಿದವರಿಗೆ ಏನೂ ಕಾಣಲಿಲ್ಲ. ಹನ್ನೆರಡನೆಯ ದಿನ ನನಗೆ ಫೋನು ಬಂತು. "ನಿಮ್ಮ ತಂಗಿ ಊಟ ದೂಡಿ ಕೊರಳು ಮುಟ್ಟಿ ತೋರಿಸುತ್ತಾರೆ, ಹಳೆಯ ಗಂಟಲು ರೋಗ ಇದೆಯೇ?"

ಕೇಳಿದೊಡನೆ ನನಗೆ ತಿಳಿಯಿತು. ಅಂಗಡಿ ಹೆಂಡತಿಗೆ ಒಪ್ಪಿಸಿ ಅವತ್ತೇ ಬಸ್ಸು ಹತ್ತಿದೆ.

ನಾನು ಹೋದಾಗ ಮುಕ್ತಾಬಾಯಿ ಕಿಟಕಿಯ ಹತ್ತಿರ ಕುಳಿತಿದ್ದಳು. ಎಡಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದಿದ್ದಳು. ಆ ಖಾಲಿ ಅಂಗೈ ಮೇಲೆ ಬಲಗೈಯಿಂದ ಲೋಟದ ನೀರನ್ನು ಹನಿಹನಿಯಾಗಿ ಬಿಡುತ್ತಿದ್ದಳು. ರವಿಕೆಯ ತೋಳು ಸಡಿಲಾಗಿತ್ತು. ನನ್ನನ್ನು ಕಂಡು ಆಕೆ ಅಳಲಿಲ್ಲ, ಬಯ್ಯಲಿಲ್ಲ. ಪಕ್ಕದಲ್ಲಿ ನಿಂತಿದ್ದ ಮೇಲ್ವಿಚಾರಕಿಯನ್ನು ತೋರಿಸಿ ಹೇಳಿದಳು:

"ಇವರಿಗಿ ನನ್ನ ಲಿಂಗ ಕೊಡ್ರಿ ಅನ್ನು, ಅಣ್ಣಾ. ನಾ ಹೇಳಿದ್ದೇ ಹೇಳು."

ಅಧ್ಯಕ್ಷರೇ, ನನ್ನ ಐವತ್ತು ವರ್ಷದ ಬಾಳಿನಲ್ಲಿ ಇದಕ್ಕಿಂತ ಮೆಲ್ಲಗೆ ಯಾರೂ ನನ್ನ ಮುಖಕ್ಕೆ ಉಗುಳಿಲ್ಲ. ಅವತ್ತು ನಾನು ಆಕೆ ಹೇಳಿದ್ದೇ ಹೇಳಿದೆ. ಲಿಂಗ ಆಕೆಯ ಕೈಗೆ ಬಂತು, ದಿನಕ್ಕೆ ಹದಿನೈದು ನಿಮಿಷ, ಒಬ್ಬರ ಕಣ್ಣೆದುರಿಗೆ. ಮನೆಗೆ ಕರೆದೊಯ್ಯುತ್ತೇನೆ ಎಂದಾಗ ಮಾತ್ರ ಮೇಲ್ವಿಚಾರಕಿ ತಮ್ಮ ಆದೇಶವನ್ನು ತೋರಿಸಿದರು. "ಸಮಿತಿ ಬಿಡು ಅನ್ನದೆ ಬಿಡುವ ಹಾಗಿಲ್ಲ."

ಆಮೇಲೆ ತಮಗೆ ಮೂರು ಅರ್ಜಿ ಬರೆದೆ. ಮೊದಲನೆಯದಕ್ಕೆ ತಮ್ಮ ಉತ್ತರ, ವಿಶ್ವಾಸಾರ್ಹ ಕುಟುಂಬ ಸದಸ್ಯರ ಹೇಳಿಕೆ ದಾಖಲಾಗಿದೆ, ಮರುಪರಿಶೀಲನೆಗೆ ಕಾರಣವಿಲ್ಲ. ಆ ವಿಶ್ವಾಸಾರ್ಹನೇ ಈ ಅರ್ಜಿದಾರ ಎಂದು ಎರಡನೆಯದರಲ್ಲಿ ಬರೆದೆ. ಹಾಗಾದರೆ ನಿವಾಸಿಯೇ ಸ್ವತಃ ಲಿಖಿತವಾಗಿ ಮನವಿ ಸಲ್ಲಿಸಲಿ ಎಂದಿರಿ. ಏನೂ ತಿಳಿಯದವಳೆಂದು ತಾವೇ ಮುದ್ರೆ ಒತ್ತಿದ ಹೆಂಗಸು, ಅಕ್ಷರ ಬಾರದವಳು, ಮರಾಠಿಯಲ್ಲಿ ಮನವಿ ಬರೆಯಬೇಕು. ಮೂರನೆಯದಕ್ಕೆ ಉತ್ತರವಿಲ್ಲ. ಬದಲಿಗೆ ತಮ್ಮ ವಾರ್ಷಿಕ ವರದಿ ಬಂತು. ಗಡಿ ತಾಲೂಕುಗಳಲ್ಲಿ ಕುಟುಂಬದವರೇ ಸಮರ್ಥವಾಗಿ ಭಾಷಾಂತರ ಮಾಡುತ್ತಿರುವುದರಿಂದ ಪ್ರತ್ಯೇಕ ಸಹಾಯಕರ ಅಗತ್ಯವಿಲ್ಲ ಎಂದು ಅದರಲ್ಲಿದೆ. ನಿಲಂಗಾದ ಆ ಕೋಣೆಗೆ ಬೀಗ ಬಿತ್ತು. ಪ್ರೇಮಾಬಾಯಿ ಈಗ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕುಳಿತು ಅರ್ಜಿ ಬರೆದುಕೊಡುತ್ತಾರೆ. ನನ್ನ ಸುಳ್ಳು ನನ್ನ ಮನೆಗಷ್ಟೇ ಸಾಲದೆ ಮೂರು ತಾಲೂಕಿನವರ ಬಾಯಿಗೂ ಬೀಗ ಹಾಕಿತು.

ಇನ್ನು ಯಾವ ಮದುವೆಗಾಗಿ ಇದನ್ನೆಲ್ಲ ಮಾಡಿದೆನೋ ಆ ಸುದ್ದಿ. ಉದಗೀರದ ಧಾನ್ಯ ವ್ಯಾಪಾರಿಗಳ ಮನೆತನ ಒಪ್ಪಿತು. ಮದುವೆ ಗೊತ್ತು ಮಾಡುವ ಸಕ್ಕರೆ ಪುಡಿ ಶಾಸ್ತ್ರದ ದಿನ ಹುಡುಗನ ತಾಯಿ ಅತ್ತಿತ್ತ ನೋಡಿ ಕೇಳಿದರು: "ಅಂಗಡ್ಯಾಗ ಸೀರಿ ಮಡಚ್ತಿದ್ರಲ್ಲ, ಆ ಬಾಯೋರು ಎಲ್ಲಿ ಹೋಗ್ಯಾರ್ರಿ? ಅವರು ಆರಿಸಿ ಕೊಟ್ಟಿದ್ದೇ ಸೀರಿ ಉಟ್ಕೊಂಡು ಬಂದೀನಿ, ತೋರಿಸಬೇಕಂದ್ರ ಕಾಣವಲ್ಲರು."

ಅವರಿಗೆ ಮೊದಲಿನಿಂದಲೂ ಎಲ್ಲವೂ ಗೊತ್ತಿತ್ತು. ಯಾರೂ ಕೇಳದ ಕಾಣಿಕೆಗೆ ನಾನು ಒಡಹುಟ್ಟಿದವಳನ್ನು ಕೊಟ್ಟಿದ್ದೆ. ವೈಷ್ಣವಿ ತಾಟನ್ನು ಕೆಳಗಿಟ್ಟು, ಎಲ್ಲರ ಮುಂದೆ ಹೇಳಿದಳು, "ಅತ್ತಿ ಬರೂತನಾ ನಾ ಅಕ್ಷತಾ ಹಾಕಿಸ್ಕೊಳ್ಳಂಗಿಲ್ಲ." ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳು ಎದುರು ಮಾತಾಡುವುದಿಲ್ಲ ಎಂದು ಮೇಲೆ ಬರೆದಿದ್ದೇನೆ. ಆ ಸಾಲನ್ನು ತಿದ್ದಿಕೊಳ್ಳಿ.

ನನ್ನ ಬೇಡಿಕೆ ದೊಡ್ಡದಲ್ಲ. ಮುಕ್ತಾಬಾಯಿಯನ್ನು ಉದಗೀರಕ್ಕೆ ಕರೆಸಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿ. ಪಕ್ಕದಲ್ಲಿ ಪ್ರೇಮಾಬಾಯಿ ಕೂಡಲಿ. ಒಂಬತ್ತು ನಿಮಿಷ ಸಾಲುವುದಿಲ್ಲ, ಆಕೆ ಸೆರಗಿನ ಮಡಿಕೆ ಬಿಚ್ಚುವ ತನಕವಾದರೂ ಕಾಯಿರಿ. ನನ್ನನ್ನು ಹೊರಗೆ ನಿಲ್ಲಿಸಿ ಬಾಗಿಲು ಹಾಕಿಕೊಳ್ಳಿ. ಅಣ್ಣನ ಮನೆ ಬೇಡ ಎಂದು ಆಕೆ ಹೇಳಿದರೆ ಅದನ್ನೂ ಬರೆದುಕೊಳ್ಳಿ, ನಾನು ತಕರಾರು ಮಾಡುವುದಿಲ್ಲ. ಮತ್ತು ನಿಲಂಗಾದ ಕೋಣೆಯ ಬೀಗ ತೆಗೆಸಿ, ನನ್ನಂಥ ಅಣ್ಣಂದಿರು ಈ ಮೂರು ತಾಲೂಕಿನಲ್ಲಿ ಇನ್ನೂ ಬಹಳ ಜನರಿದ್ದಾರೆ.

ಒಂದೇ ವಿನಂತಿ. "ಮಂದಿ ಬಂದ್ರ ನಾ ಹಿಂದ ಕುಂದುರ್ತೀನಿ" ಎಂಬ ಮಾತನ್ನು ಆಕೆ ಈ ಸಲವೂ ಹೇಳಬಹುದು. ಅದು ಆಕೆಯ ಮಾತಲ್ಲ, ನಾನು ಕಲಿಸಿದ್ದು. ಅದನ್ನು ದಾಖಲೆಯಿಂದ ಬಿಡಬೇಡಿ, ಆದರೆ ನನ್ನ ಹೆಸರಿನ ಮುಂದೆ ಬರೆದುಕೊಳ್ಳಿ.

ಇಂತಿ, ತಲೆ ತಗ್ಗಿಸಿ,
ತಮ್ಮ ಕಡತದಲ್ಲಿ ಇನ್ನೂ 'ವಿಶ್ವಾಸಾರ್ಹ ಕುಟುಂಬ ಸದಸ್ಯ'ನಾಗಿಯೇ ಉಳಿದಿರುವ
ವಿಶ್ವನಾಥಪ್ಪ
ಬಟ್ಟೆ ಅಂಗಡಿ, ಕಾಸಾರಶಿರಸಿ