ಫೈನಲ್ ದಿನ ಹೊರಗೆ ಕೂತವನು

ಮಾಂಟೆವಿಡಿಯೊ
14 ಅಕ್ಟೋಬರ್ 1916

ಪ್ರೀತಿಯ ಲಿಯೊಕಾದಿಯಾ ಅಕ್ಕನಿಗೆ ಕಸಿಲ್ದಾಳ ನಮಸ್ಕಾರಗಳು.

ನಿಮ್ಮ ಕಾಗದಗಳಿಗೆ ಇಷ್ಟು ದಿನ ಉತ್ತರ ಬರೆಯಲಿಲ್ಲ, ಕೋಪ ಮಾಡಿಕೊಳ್ಳಬೇಡಿ. ಒಗೆಯುವ ಬಟ್ಟೆಯ ರಾಶಿ, ಎಂಟನೇ ತಿಂಗಳ ಬಸುರು ಎಂದೆಲ್ಲ ನೆಪ ಹೇಳಬಹುದು. ನಿಜವೆಂದರೆ, ನಿಮ್ಮ ತಮ್ಮನ ವಿಷಯ ಹೇಗೆ ಬರೆಯಲಿ ಎಂದೇ ತಿಳಿಯಲಿಲ್ಲ.

ದೇಶದ ಫುಟ್‌ಬಾಲ್ ತಂಡಕ್ಕೆ ಆಡುವ ಮೊದಲ ಕರಿಯ ನಮ್ಮ ಲಿಬೋರಿಯೊ ಎಂದು ನೀವು ಹಿಗ್ಗಿ ಬರೆದಿದ್ದಿರಿ. ನಾವೂ ಹಿಗ್ಗಿದ್ದೆವು. ನದಿಯಾಚೆಯ ನೆರೆದೇಶದಲ್ಲಿ ನಡೆದ ಪಂದ್ಯಾವಳಿಯ ಮೊದಲ ಪಂದ್ಯದಲ್ಲೇ ಇವರು ಎರಡು ಗೋಲು ಹೊಡೆದರು. ಸೋತ ತಂಡದವರು ಮರುದಿನ ದೂರು ಕೊಟ್ಟರಂತೆ: "ಗೆದ್ದ ತಂಡದವರು ಆಫ್ರಿಕಾದವನನ್ನ ತಂದು ಆಡಿಸಿದ್ದಾರೆ, ಈ ಗೆಲುವು ಲೆಕ್ಕಕ್ಕಿಲ್ಲ." ನಿಮ್ಮಜ್ಜ ಇದೇ ದೇಶಕ್ಕಾಗಿ ಯುದ್ಧದಲ್ಲಿ ಕೈ ಕಳೆದುಕೊಂಡವರು, ಅಕ್ಕಾ!

ದೂರು ಬಿದ್ದುಹೋಯಿತು. ಆದರೂ ಫೈನಲ್‌ನ ಹಿಂದಿನ ದಿನ ನಮ್ಮ ಸಂಘದ ಯಜಮಾನರು ದೊನ್ ಸತುರ್ನಿನೊ ಇವರ ಹೆಗಲ ಮೇಲೆ ಕೈಹಾಕಿ ಅಂದರಂತೆ, "ನೀನು ನಮ್ಮ ಹುಲಿ ಕಣಯ್ಯಾ. ನಾಳೆ ಒಂದಿನ ಹೊರಗೆ ಕೂತ್ಕೋ. ಸುಮ್ನೆ ಯಾಕೆ ರಗಳೆ?"

"ನಾನೇನು ತಪ್ಪು ಮಾಡ್ದೆ, ಸ್ವಾಮಿ?"

"ತಪ್ಪು ಅಂತ ಯಾರಂದ್ರು? ದೇಶಕ್ಕೋಸ್ಕರ ಇಷ್ಟೂ ಮಾಡಲ್ವಾ?"

ಕೂತರು. ತಂಡ ಗೆದ್ದಿತು. ಬಂದರಿನಲ್ಲಿ ಬ್ಯಾಂಡು, ಹೂವು. ಉಳಿದವರನ್ನೆಲ್ಲ ಜನ ಹೊತ್ತು ಕುಣಿದರು. ಇವರು ಹಡಗಿನ ಸಾಮಾನು ಇಳಿಸುವ ಹಲಗೆಯಿಂದ ಇಳಿದು ಮನೆಗೆ ಬಂದರು. ವಠಾರದವರೆಲ್ಲ ಬೆಂಕಿ ಹಾಕಿ ನಗಾರಿಗಳನ್ನು ಕಾಯಿಸಿಕೊಂಡು ನಿಂತಿದ್ದೆವು. ಮುದುಕ ಸಿರಿಯಾಕೊ ಕೂಗಿದ, "ಏನೋ ಹುಡ್ಗಾ, ಕಪ್ ಎಲ್ಲೋ?"

"ಗೆದ್ದೋರ ಹತ್ರ ಇದೆ, ತಾತ."

ಯಾರೂ ನಗಾರಿ ಮುಟ್ಟಲಿಲ್ಲ.

ಈಗ ಬಂದರಿನಲ್ಲಿ ತೊಗಲಿನ ಮೂಟೆ ಹೊರುತ್ತಾರೆ. ಕ್ಲಬ್ಬಿನವರು ಕರೆಯಲು ಬಂದರೆ ಮೊಣಕಾಲು ನೋವು ಎನ್ನುತ್ತಾರೆ. ಮೊಣಕಾಲಿಗೆ ಏನೂ ಆಗಿಲ್ಲ. ಬೂಟುಗಳನ್ನು ಯಾರಿಗೋ ಕೊಟ್ಟುಬಿಟ್ಟರು. ನಾನು ಅತ್ತೆ, ಬೈದೆ. "ಹೋಗಿ ಆಡಿ, ಅವರ ಬಾಯಿ ಮುಚ್ಚೋ ಹಾಗೆ ಗೋಲು ಹೊಡೀರಿ" ಅಂದೆ.

"ಹೊಡೆದಿದ್ದಕ್ಕೇ ಅಲ್ವೇನೆ ಕೂರ್ಸಿದ್ದು?" ಅಂದರು.

ಹೆರಿಗೆಗೆ ನೀವು ಬಂದರೆ ನನಗೊಂದು ಧೈರ್ಯ. ನಿಮ್ಮ ಮನೆಮಂದಿಯನ್ನೆಲ್ಲ ದೇವಮಾತೆ ತಣ್ಣಗಿಟ್ಟಿರಲಿ.

ನಿಮ್ಮ
ಕಸಿಲ್ದಾ

ಇನ್ನೊಂದು ಮಾತು. ಇದನ್ನು ಬರೆಯಬಾರದೆಂದಿದ್ದೆ. ಭಾನುವಾರ ಇವರು ನಮ್ಮ ಸಂತ ಬಾಲ್ತಸಾರನ ಮುಂದೆ ಮೇಣದ ಬತ್ತಿ ಹಚ್ಚಿ ಮಂಡಿಯೂರಿದ್ದರು. ಸುಖವಾಗಿ ಹೆರಿಗೆಯಾಗಲೆಂದು ಬೇಡುತ್ತಿದ್ದಾರೆ ಎಂದುಕೊಂಡು ನಾನೂ ಪಕ್ಕದಲ್ಲಿ ಮಂಡಿಯೂರಿದೆ. ಆಗ ಕೇಳಿಸಿತು: "ಮಗು ನನ್ನ ಬಣ್ಣ ಹೊತ್ಕೊಂಡು ಬರದೇ ಇರ್ಲಿ, ತಂದೆ."

ಆ ಸಂತನ ಬಣ್ಣವೂ ಅದೇ, ಅಕ್ಕಾ. ನನ್ನದೂ ಅದೇ.